ಗೋಡೆಯ ಮೇಲಿನ ಹಸಿರು ಗೆರೆ

“ಈ ಹಾಳು ಪ್ಲಗ್ಗಿಗೆ ಕರೆಂಟು ಬರೋದು ನನ್ನ ಹೆಣ ಎತ್ತಿದ ಮೇಲೇನಾ?”

ಪ್ರಶ್ನೆ ಮೇಜಿನ ಕೆಳಗಿಂದ ಬಂತು. ಕೇಳಿದವನು ಅಲ್ಲಿ ಮಂಡಿಯೂರಿ, ತಂತಿಗಳ ಸಿಕ್ಕಿನೊಳಗೆ ತಲೆ ತೂರಿಸಿ, ಹಿಂಭಾಗವನ್ನು ಮಾತ್ರ ಲೋಕಕ್ಕೆ ತೋರಿಸುತ್ತ ಕೂತಿದ್ದ. ಕೇಳಿದ್ದು ಯಾರನ್ನೂ ಅಲ್ಲ. ಆ ಮಹಡಿಯಲ್ಲಿ ಸಾಲುಸಾಲಾಗಿ ಕೂತಿದ್ದ ಅಷ್ಟೂ ಜನರ ಕಿವಿಯಲ್ಲಿ ಇಯರ್‌ಫೋನು ತುಂಬಿತ್ತು. ಕಾಲ ಬುಡಕ್ಕೆ ಬೆಂಕಿ ಬಿದ್ದರೂ ಅದನ್ನು ಮೊದಲು ಫೋನಿನಲ್ಲಿ ಓದಿ, ಖಾತ್ರಿ ಮಾಡಿಕೊಂಡು, ಆಮೇಲೆ ಏಳುವಂಥ ಜನ.

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆಫೀಸಿನಲ್ಲಿ ಅದು ಬಳಕೆ ತಪ್ಪಿ ಹೋಗಿ ಎಲ್ಲರ ಬಾಯಲ್ಲೂ ಅವನು ಸಮಾಧಾನಪ್ಪ. ಕಾರಣ ಅವನ ಉದ್ಯೋಗ. ಕಂಪನಿಯು ಒಂದು ಬಿಳಿ ಡಬ್ಬಿಯನ್ನು ಮಾಡಿ ಮಾರುತ್ತಿತ್ತು. ಅದನ್ನು ಮನೆಯ ಮೀಟರಿನ ಪಕ್ಕದಲ್ಲಿ ಅಂಟಿಸಿದರೆ ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಖರ್ಚಾಗುತ್ತಿದೆ ಎಂದು ಫೋನಿನಲ್ಲಿ ತೋರಿಸಬೇಕು. ಎಷ್ಟೋ ಕಡೆ ತೋರಿಸುತ್ತಿರಲಿಲ್ಲ. ಆಗ ಕೊಂಡವರು ಕಂಪನಿಗೆ ಬೈದು ಬರೆಯುತ್ತಿದ್ದರು. ಅವರು ಕಂಪನಿಯ ತಾಯಿಯಿಂದ ಶುರುಮಾಡಿ ತಾತನವರೆಗೆ ಬರೆದದ್ದನ್ನೆಲ್ಲ ಓದಿ, ನುಂಗಿ, ನೀರು ಕುಡಿದು, ಸಮಾಧಾನದ ಮಾತು ಬರೆಯುವುದು ಈತನ ಕೆಲಸ. ‘ತಮ್ಮ ದೂರು ನಮ್ಮ ಪಾಲಿಗೆ ಅಮೂಲ್ಯ. ತಮ್ಮ ತಾಳ್ಮೆಗೆ ನಾವು ತಲೆಬಾಗುತ್ತೇವೆ’ ಎಂಬ ಜಗತ್ಪ್ರಸಿದ್ಧ ಸಾಲುಗಳ ಕರ್ತೃ ಅವನೇ.

ಆ ಸಾಲುಗಳೇ ಈಗ ಅವನ ಕಂಪ್ಯೂಟರಿಗೆ ಬಂದು ಕೂತಿದ್ದವು. ತನ್ನ ಮೇಜಿನ ಪ್ಲಗ್ಗು ಸತ್ತುಹೋಗಿದೆ, ಯಾರಾದರೂ ಬಂದು ನೋಡಿ ಎಂದು ಅವನು ಬರೆದಾಗಲೆಲ್ಲ ಯಂತ್ರವೊಂದು ಅದೇ ಉತ್ತರ ಕಳಿಸುತ್ತಿತ್ತು: ತಮ್ಮ ದೂರು ನಮ್ಮ ಪಾಲಿಗೆ ಅಮೂಲ್ಯ. ತಮ್ಮ ತಾಳ್ಮೆಗೆ ನಾವು ತಲೆಬಾಗುತ್ತೇವೆ. ಜನ ಯಾಕೆ ಅಷ್ಟು ಹೊಲಸಾಗಿ ಬೈಯುತ್ತಾರೆ ಎಂಬುದು ಸಮಾಧಾನಪ್ಪನಿಗೆ ಆ ದಿನಗಳಲ್ಲಿ ಅರ್ಥವಾಯಿತು.

ಕೊನೆಗೆ ಮನೆಯಿಂದ ಒಂದು ಎಕ್ಸ್‌ಟೆನ್ಷನ್ ವೈರು ತಂದು, ಪಕ್ಕದ ಮೇಜಿನವನ ಪ್ಲಗ್ಗಿಗೆ ಚುಚ್ಚಿ, ಕೆಲಸ ಸಾಗಿಸಿದ. ಪಕ್ಕದ ಮೇಜಿನವನು ಒಳ್ಳೆಯವನು. ಇಯರ್‌ಫೋನು ತೆಗೆಯದೆ ‘ಹೂಂ’ ಎಂದಿದ್ದ. ಯಾವುದಕ್ಕೆ ಹೂಂ ಎಂದೆನೆಂದು ಅವನಿಗೆ ಗೊತ್ತಿರಲಿಲ್ಲ.

ಇಂತಿರಲು, ಕಂಪನಿಗೆ ಭೂಮಿಯ ಮೇಲೆ ಪ್ರೀತಿ ಹುಟ್ಟಿತು.

ಪ್ರೀತಿ ಹುಟ್ಟಿದ ಲಕ್ಷಣವಾಗಿ ಕೆಳಗಿನ ಹಜಾರದ ಗೋಡೆ ಒಡೆದು, ಸಿನಿಮಾ ಪರದೆಯಷ್ಟು ದೊಡ್ಡ ಪರದೆಯೊಂದನ್ನು ಕೂರಿಸಿದರು. ಅದು ಹಗಲೂ ರಾತ್ರಿ ಉರಿಯುತ್ತಿತ್ತು. ಉರಿದುರಿದು ಕಾಯುತ್ತದೆಂದು ಎರಡೂ ಮಗ್ಗುಲಿಗೆ ಏಸಿ ಹಾಕಿದರು. ಊರಿಗೆಲ್ಲ ಕರೆಂಟು ಹೋದರೂ ಅದು ಮಾತ್ರ ಆರಬಾರದೆಂದು ಹಿಂದುಗಡೆ ಡೀಸೆಲ್ ಜನರೇಟರು ಇಟ್ಟರು. ಕರೆಂಟು ಉಳಿಸುವುದು ಹೇಗೆ ಎಂಬುದನ್ನು ಅದು ಜನಕ್ಕೆ ತೋರಿಸಿಕೊಡುತ್ತಿತ್ತು.

ಪರದೆಯ ಮೇಲೊಂದು ಮರ. ಆಫೀಸಿನ ಒಂದೊಂದು ಮೇಜಿಗೂ ಅದರಲ್ಲಿ ಒಂದೊಂದು ಎಲೆ. ಪ್ರತಿ ಮೇಜಿನ ಕೆಳಗೂ ಕಂಪನಿಯದೇ ಬಿಳಿ ಡಬ್ಬಿ. ಕಡಿಮೆ ಕರೆಂಟು ಬಳಸಿದವರ ಎಲೆ ಹಸಿರು, ಜಾಸ್ತಿ ಬಳಸಿದವರದು ಹಳದಿ, ತೀರಾ ಜಾಸ್ತಿಯಾದವರದು ಕಪ್ಪು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಹೊಸ ಅಧಿಕಾರಿ ಬಂದ. ಅವನ ಕಾರ್ಡಿನಲ್ಲಿ ಅಚ್ಚಾಗಿದ್ದ ಹುದ್ದೆಯ ಹೆಸರನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದವರಿಲ್ಲವಾದ್ದರಿಂದ, ಅವನು ದಿನಾ ಹಾಕಿಕೊಂಡು ಬರುತ್ತಿದ್ದ ಅಂಗಿಯನ್ನು ನೋಡಿ ‘ಹಸಿರು ಸಾಹೇಬ’ ಎಂದರು. ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ವಯಸ್ಸು. ಮಾತು ಮಾತ್ರ ಭೂಮಿ ಹುಟ್ಟಿದಾಗ ಪಕ್ಕದಲ್ಲೇ ನಿಂತಿದ್ದವನ ಹಾಗೆ.

ಒಂದು ಬೆಳಗ್ಗೆ ಮರದ ತುದಿಯಲ್ಲಿ ಒಂದೆಲೆ ಚಿನ್ನದ ಬಣ್ಣಕ್ಕೆ ತಿರುಗಿ ಫಳಫಳ ಹೊಳೆಯತೊಡಗಿತು. ಎಲ್ಲರನ್ನೂ ಹಜಾರಕ್ಕೆ ಕರೆದರು. ಸಮಾಧಾನಪ್ಪನನ್ನು ಹಿಡಿದು ಮುಂದಕ್ಕೆ ತಂದರು.

“ಸಾರ್! ನೀವು ಸೊನ್ನೆ!” ಎಂದು ಹಸಿರು ಸಾಹೇಬ ಅವನನ್ನು ಬಿಗಿದಪ್ಪಿಕೊಂಡ.

ಆಫೀಸಿನಲ್ಲಿ ಹಿಂದೆಯೂ ಅವನನ್ನು ಸೊನ್ನೆ ಎಂದವರಿದ್ದರು. ತಬ್ಬಿಕೊಂಡು ಹೇಳಿದವರಿರಲಿಲ್ಲ.

“ಎಲ್ಲರೂ ಕೇಳಿ! ಇಡೀ ಕಟ್ಟಡದಲ್ಲಿ ಇವರೊಬ್ಬರ ಮೇಜು ಕರೆಂಟೇ ಮುಟ್ಟಿಲ್ಲ! ಹೇಗೆ ಸಾರ್? ಹೇಗೆ ಸಾಧ್ಯವಾಯ್ತು?”

ಮೈಕು ಮೂಗಿನ ಹತ್ತಿರ ಬಂತು. ಸಮಾಧಾನಪ್ಪ ಅದನ್ನು ನೋಡಿ ಬೆವರಿದ.

“ಪ್ಲಗ್ಗು ಕೆಟ್ಟಿದೆ ಸಾರ್.”

“ಆಹಾ! ಕೇಳಿದ್ರಾ ಮಾತು? ಕೆಟ್ಟಿದ್ರೆ ಕೆಟ್ಟಿರಲಿ ಅಂತ ಬಿಟ್ಟಿದಾರೆ! ನಾವಾಗಿದ್ರೆ ರಿಪೇರಿ ಮಾಡಿಸ್ಕೊಡಿ ಅಂತ ಬಾಯಿ ಬಡ್ಕೋತಿದ್ವಿ.”

“ನಾನೂ ಬಡ್ಕೊಂಡೆ ಸಾರ್. ಎಷ್ಟೋ ಸಲ ಬರೆದೆ…”

“ವಿನಯ ನೋಡ್ರಪ್ಪಾ, ವಿನಯ!”

“ಅಲ್ಲ ಸಾರ್, ನಾನು ಪಕ್ಕದವನ ಹತ್ರ ವೈರು…”

ಅಷ್ಟರಲ್ಲಿ ಮೈಕು ಬೇರೆ ಕಡೆ ಹೋಗಿತ್ತು. ಚಪ್ಪಾಳೆ ಬಿತ್ತು. ಒಂದು ಸಸಿಯನ್ನು ತಂದು ಅವನ ಕೈಗೆ ಕೊಟ್ಟರು. ಅದು ಎಲ್ಲೋ ಸಮುದ್ರದಾಚೆಯಿಂದ ವಿಮಾನದಲ್ಲಿ ಬಂದದ್ದು. ಮೈತುಂಬ ಪ್ಲಾಸ್ಟಿಕ್ ಹೊದ್ದು ಉಸಿರಾಡಲು ಒದ್ದಾಡುತ್ತಿತ್ತು. ಅಕೌಂಟ್ಸಿನ ಹೆಂಗಸರು ಮುಂದಿನ ಸಾಲಿನಲ್ಲಿ ನಿಂತು ಫೋನು ಎತ್ತಿ ಹಿಡಿದಿದ್ದರು. ಗುರುತಿನ ಚೀಟಿಗೆ ಬಿಟ್ಟರೆ ಸಮಾಧಾನಪ್ಪನ ಫೋಟೋವನ್ನು ಈ ಕಟ್ಟಡದಲ್ಲಿ ಯಾರೂ ತೆಗೆದಿರಲಿಲ್ಲ. ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು, ಎದೆ ಮುಂದೆ ಬಂತು.

“ಸಾರ್, ಮನೇಲೂ ಹೀಗೇನಾ?” ಎಂದು ಮೈಕು ವಾಪಸು ಬಂತು.

ಇಲ್ಲ ಎನ್ನುವುದಕ್ಕೆ ಎರಡಕ್ಷರ ಸಾಕಿತ್ತು. ಆದರೆ ಎದೆ ಮುಂದೆ ಬಂದವನ ಬಾಯಿ ಅವನ ಹಿಡಿತದಲ್ಲಿರುವುದಿಲ್ಲ.

“ಹೌದು,” ಎಂದ ಸಮಾಧಾನಪ್ಪ. ಚಪ್ಪಾಳೆ ಇನ್ನೂ ಜೋರಾಯಿತು. ಅದು ಸಾಲದೆಂದು ಮುಂದುವರಿಸಿದ. “ನಮ್ಮದು ಸರಳ ಜೀವನ. ನಮ್ಮನೆಯವಳಿಗಂತೂ ಕರೆಂಟು ಅಂದ್ರೇನೇ ಆಗಲ್ಲ.”

ಮೆಟ್ಟಿಲ ಮೇಲೆ ನಿಂತಿದ್ದ ದೊಡ್ಡ ಸಾಹೇಬರು, ಅಂದರೆ ಇಡೀ ಕಂಪನಿಯ ಯಜಮಾನರು, ಹಸಿರು ಸಾಹೇಬನ ಕಿವಿಯಲ್ಲಿ ಏನೋ ಹೇಳಿದರು. ಹಸಿರು ಸಾಹೇಬ ಕುಣಿದಾಡುವುದೊಂದು ಬಾಕಿ.

“ಇವರ ಮನೇನೇ ಗೋಡೆ ಮೇಲೆ ಹಾಕ್ತೀವಿ! ಇವತ್ತೇ ಡಬ್ಬಿ ಕೂರಿಸ್ತೀವಿ! ಎಷ್ಟು ಕರೆಂಟು ಉರಿಯುತ್ತೋ ಅಷ್ಟೆತ್ತರದ ಹಸಿರು ಗೆರೆ ಪರದೆ ಮೇಲೆ ಓಡುತ್ತೆ! ಇವರ ಮನೆಯ ಗೆರೆ, ನಮ್ಮ ಕಂಪನಿಯ ಗೆರೆ!”

ಅದೇ ಮರದಲ್ಲಿ, ಚಿನ್ನದೆಲೆಯ ಪಕ್ಕದಲ್ಲೇ, ಇದ್ದಿಲಿನಂತೆ ಕಪ್ಪಾಗಿ ಒಂದೆಲೆ ತೂಗುತ್ತಿದ್ದುದನ್ನು ಆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ಮಧ್ಯಾಹ್ನ ಪಕ್ಕದ ಮೇಜಿನವನು ಮೊದಲ ಬಾರಿಗೆ ಇಯರ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದ. ಅವನನ್ನು ಇಡೀ ವಾರದ ‘ಇಂಧನ ಸಂಯಮ ಶಿಬಿರ’ಕ್ಕೆ ಹಾಕಿದ್ದರು.

“ಏನ್ ಗುರು ಇದು? ನನ್ನ ಕರೆಂಟು ಕುಡಿದು ನೀನು ಸನ್ಯಾಸಿ, ನಾನು ಕುಡುಕನಾ?”

“ನಾನು ಹೇಳಕ್ಕೆ ಹೋದೆ ಕಣೋ, ಮೈಕು ಕಿತ್ಕೊಂಡ್ರು.”

“ಹೌದು ಅನ್ನೋವಾಗ ಮಾತ್ರ ಮೈಕು ಇತ್ತಲ್ಲ! ಅಲ್ಲಿ ನನ್ನನ್ನ ಕತ್ತಲೆ ಕೋಣೇಲಿ ಕೂರಿಸಿ ಸೂರ್ಯನ ಬಗ್ಗೆ ಪಾಠ ಮಾಡ್ತಾರಂತೆ. ನಿನ್ನ ಮುಖಕ್ಕಿಷ್ಟು!” ಎಂದವನು ವೈರು ಕಿತ್ತು ಸಮಾಧಾನಪ್ಪನ ಮಡಿಲಿಗೆ ಎಸೆದು ಹೋದ.

ಇತ್ತ ಮನೆ.

ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಫಾದ ಮೇಲೆ, ಕಿಟಕಿಯ ಮೇಲೆ, ಟೀವಿಯ ಮೇಲೆ, ಎಲ್ಲೆಲ್ಲೂ ನೀಲಿ. ನೀಲಿ ಚಡ್ಡಿ, ನೀಲಿ ಲಂಗ, ನೀಲಿ ಪಟ್ಟೆಯ ಅಂಗಿ. ನಡುವೆ ಹೊಲಿಗೆ ಮಿಷನ್ನಿನ ಮುಂದೆ ಹೆಂಡತಿ. ಮದುವೆಯಾದಾಗಿನಿಂದ ಅವಳು ಅಕ್ಕಪಕ್ಕದವರ ಹರಿದದ್ದನ್ನು ಹೊಲಿದು, ಉದ್ದದ್ದನ್ನು ಗಿಡ್ಡ ಮಾಡಿ, ಗಿಡ್ಡದ್ದಕ್ಕೆ ತೇಪೆ ಹಾಕಿ ಬಂದವಳು. ಈ ವರ್ಷ ಮೊದಲ ಸಲ ಮುಂದಿನ ಬೀದಿಯ ಶಾಲೆಯವರು ಅಷ್ಟೂ ಮಕ್ಕಳ ಯೂನಿಫಾರ್ಮು ಅವಳಿಗೆ ಕೊಟ್ಟಿದ್ದರು. ಹೆಡ್‌ಮಿಸ್ಸು ಬಂದು ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದರು: “ನೋಡಮ್ಮಾ, ಸೋಮವಾರ ಸ್ಕೂಲು ಶುರು. ಶನಿವಾರ ಸಂಜೆ ವ್ಯಾನು ಬರುತ್ತೆ. ಬಟ್ಟೆ ರೆಡಿ ಇದ್ರೆ ಪ್ರತಿ ವರ್ಷ ನಿಂದೇ. ಇಲ್ದಿದ್ರೆ ರೆಡಿಮೇಡು.”

ಅವಳ ಬಲಮಂಡಿಗೆ ಆಪರೇಷನ್ ಆಗಿತ್ತು. ಪೆಡಲು ತುಳಿಯುವುದನ್ನು ಡಾಕ್ಟರು ಬಿಡಿಸಿದ್ದರು. ಅದಕ್ಕೆಂದೇ ಮಿಷನ್ನಿಗೆ ಮೋಟಾರು ಹಾಕಿಸಿದ್ದಳು. ಮೋಟಾರು ಇದ್ದರೆ ಯೂನಿಫಾರ್ಮು ಉಂಟು, ಇಲ್ಲದಿದ್ದರೆ ಇಲ್ಲ. ಕಥೆ ಇಷ್ಟೇ. ಇದು ಸಮಾಧಾನಪ್ಪನಿಗೆ ತಿಳಿಯದ್ದಲ್ಲ. ಮೈಕಿನ ಮುಂದೆ ನೆನಪಿಗೆ ಬರಲಿಲ್ಲ, ಅಷ್ಟೆ.

ಅಂದು ಮಧ್ಯಾಹ್ನ ಡಬ್ಬಿ ಕೂರಿಸುವವನು ಬಂದು ಬಾಗಿಲಲ್ಲೇ ನಿಂತ.

“ಮೇಡಂ, ಒಳಗೆ ಬರಬಹುದಾ? ನಿಮಗೆ ಕರೆಂಟು ಆಗಲ್ವಂತೆ, ಆಫೀಸಲ್ಲಿ ಹೇಳಿದ್ರು. ತುಂಬ ಸಂತೋಷ.”

“ಯಾರಿಗೆ ಆಗಲ್ಲ?”

“ನಿಮಗೇ. ಮುಟ್ಟಿದ್ರೆ ಬೊಬ್ಬೆ ಏಳುತ್ತಾ ಮೇಡಂ, ಇಲ್ಲ ಬರೀ ತುರಿಕೆನಾ?”

ಹೆಂಡತಿ ಮೋಟಾರು ಆರಿಸಿ, ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಚುಚ್ಚಿದ ರೀತಿ ನೋಡಿ ಅವನು ಮಾತು ನಿಲ್ಲಿಸಿ ಬೇಗ ಬೇಗ ಕೆಲಸ ಮುಗಿಸಿ ಓಡಿದ.

ಸಂಜೆ ಸಮಾಧಾನಪ್ಪ ಸಸಿ ಹಿಡಿದುಕೊಂಡು ಬಂದ. ಸೋಫಾದ ಮೂಲೆಯಲ್ಲಿ ಯೂನಿಫಾರ್ಮುಗಳ ನಡುವೆ ತಲೆ ಮಾತ್ರ ಕಾಣುವಂತೆ ಕೂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಮುಖ ಅರಳಿಸಿದರು.

“ಅಳಿಯಂದ್ರೇ, ನಿಮ್ಮ ಫೋಟೋ ಫೋನಲ್ಲಿ ಬಂದಿದೆಯಂತೆ! ಎದುರುಮನೆ ಮೇಷ್ಟ್ರು ತೋರಿಸಿದ್ರು. ಎಂಥ ಗತ್ತು! ಹೊಟ್ಟೆ ಕಾಣ್ತಾನೇ ಇರ್ಲಿಲ್ಲ!”

“ಅಮ್ಮಾ, ನೀನು ಸುಮ್ನಿರು,” ಎಂದಳು ಮಗಳು. ಕೈಯಲ್ಲಿ ಕತ್ತರಿಯಿತ್ತು. “ಏನ್ರೀ, ನನಗೆ ಕರೆಂಟು ಆಗಲ್ವಾ?”

“ಬಾಯಿ ತಪ್ಪಿ ಬಂತು ಕಣೇ.”

“ಬಾಯಿ ತಪ್ಪಿದ್ರೆ ಒಂದು ಮಾತು ಬರುತ್ತೆ. ನಿಮಗೆ ಭಾಷಣ ಬಂದಿದೆ. ನಾಳೆ ಹೋಗಿ ಸುಳ್ಳು ಹೇಳ್ದೆ ಅಂತ ಹೇಳಿ.”

“ಹೇಳ್ತೀನಿ, ಹೇಳ್ತೀನಿ. ದೊಡ್ಡ ಸಾಹೇಬರು ಮೊದಲ ಸಲ ನನ್ನ ಮುಖ ನೋಡಿ ನಕ್ಕಿದಾರೆ. ಶನಿವಾರ ಕಂಪನಿಗೆ ದುಡ್ಡು ಹಾಕೋ ಅತಿಥಿಗಳು ಬರ್ತಾರಂತೆ, ಅವರು ಗೋಡೆ ನೋಡ್ಕೊಂಡು ಹೋಗ್ಲಿ. ಆಮೇಲೆ ಎಲ್ಲಾ ಬಿಡಿಸಿ ಹೇಳ್ತೀನಿ.”

“ಶನಿವಾರ ನನ್ನ ವ್ಯಾನು ಬರುತ್ತೆ!” ಎಂದು ಹೆಂಡತಿ ಮೋಟಾರಿನ ಸ್ವಿಚ್ಚು ಒತ್ತಿದಳು.

ಕಾಲರಿನ ಅರ್ಧಕ್ಕೆ ಸೂಜಿ ಬರುವಷ್ಟರಲ್ಲಿ ಸಮಾಧಾನಪ್ಪನ ಫೋನು ಬಡಿದುಕೊಂಡಿತು.

“ಸಾರ್, ನಾನು,” ಹಸಿರು ಸಾಹೇಬನ ದನಿ. “ಗೋಡೆ ಮುಂದೇನೇ ನಿಂತಿದೀನಿ. ಗೆರೆ ಸ್ವಲ್ಪ ತಲೆ ಎತ್ತಿದೆ. ಮನೇಲಿ ಏನೋ ತಿರುಗ್ತಾ ಇದೆ ಅನ್ಸುತ್ತೆ.”

“ಇಲ್ಲ ಸಾರ್… ಅದು… ಗಾಳಿ ಇರಬೇಕು.”

“ಗಾಳಿ ಲೆಕ್ಕಕ್ಕೆ ಬರಲ್ಲ ಸಾರ್. ಡಬ್ಬಿ ಸುಳ್ಳು ಹೇಳಲ್ಲ.”

ಅಂದಿನಿಂದ ಮನೆಯೆಂಬುದು ಗಾಜಿನ ಬಾಟಲಿಯಾಯಿತು. ಇಸ್ತ್ರಿ ಹಾಕಿದರೆ ಫೋನು. ಮಿಕ್ಸಿ ತಿರುಗಿಸಿದರೆ ಫೋನು. ಬಚ್ಚಲಿನ ದೀಪ ಹಾಕಿ ಅತ್ತೆ ಒಳಗೆ ಹೋದರೆ ಫೋನು: “ಸಾರ್, ಯಾರೋ ಬಹಳ ಹೊತ್ತಿಂದ ಒಳಗೇ ಇದ್ದಾರೆ.” ಸಮಾಧಾನಪ್ಪ ಬಚ್ಚಲ ಬಾಗಿಲು ತಟ್ಟಿದ. ಆಫೀಸಿನಲ್ಲಿ ಮುಖಪರಿಚಯವೇ ಇಲ್ಲದ ಜನ ಸಿಕ್ಕಿ ಅವನ ಕೈ ಕುಲುಕಿ, “ನಿನ್ನೆ ನಿಮ್ಮನೇಲಿ ಬೇಗ ಮಲಗಿದ್ರಿ ಅಲ್ವಾ?” ಎನ್ನುತ್ತಿದ್ದರು.

ಟೇಬಲ್ ಫ್ಯಾನು ನಿಂತಿತು. ಅಳಿಯ ಅತ್ತೆಗೆ ಕ್ಯಾಲೆಂಡರಿನಿಂದ ಗಾಳಿ ಹಾಕಿದ.

“ಅಳಿಯಂದ್ರೇ, ಸಾಯೋ ಕಾಲಕ್ಕೆ ಹೀಗೆ ಸೇವೆ ಮಾಡ್ತೀರಿ ಅಂದ್ಕೊಂಡಿದ್ದೆ. ಬದುಕಿರುವಾಗಲೇ ಶುರು ಮಾಡಿದ್ರಲ್ಲ!”

ಮೋಟಾರು ನಿಂತಿತು. ಹೆಂಡತಿ ಒಂದು ಮಾತೂ ಆಡದೆ ಪೆಡಲು ತುಳಿಯತೊಡಗಿದಳು. ಬೈಗುಳವನ್ನೇ ಕಸುಬಾಗಿ ಓದಿದ ಸಮಾಧಾನಪ್ಪನಿಗೆ ಆ ಮೌನವನ್ನು ಮಾತ್ರ ಓದಲು ಧೈರ್ಯವಾಗಲಿಲ್ಲ. ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಾಯಿತು. ಅವಳು ಅದಕ್ಕೆ ಒಂದು ನೀಲಿ ಲಂಗವನ್ನು ಬಿಗಿದು ಕಟ್ಟಿಕೊಂಡು ಮತ್ತೆ ತುಳಿದಳು.

ಸಮಾಧಾನಪ್ಪನಿಗೆ ಗೊತ್ತಿದ್ದ ವಿದ್ಯೆ ಒಂದೇ. ಆಫೀಸಿನಿಂದ ತಂದ ವೈರನ್ನು ಹಿಡಿದು ಎದುರುಮನೆಯ ಬಾಗಿಲು ಬಡಿದ.

ಎದುರುಮನೆ ಮೇಷ್ಟ್ರು ನಿವೃತ್ತರು, ಒಂಟಿ. ಬೀದಿಯ ಪ್ರತಿಯೊಬ್ಬರನ್ನೂ ಇನ್ನೂ ತಮ್ಮ ತರಗತಿಯಲ್ಲೇ ಕೂರಿಸಿಕೊಂಡಿದ್ದವರು.

“ಬಾರಯ್ಯಾ ಬಾ! ನಮ್ಮ ಬೀದಿಗೇ ಕೀರ್ತಿ ತಂದೆ. ವೈರು ತಾನೆ? ಎಳ್ಕೋ. ಭೂಮಿ ಉಳಿಸೋ ಕೆಲಸ, ನನ್ನದೂ ಒಂದು ಪಾಲಿರಲಿ. ಅಂದಹಾಗೆ ನನ್ನ ಮನೆಯಿಂದ ಕರೆಂಟು ತಗೊಂಡ್ರೆ ಭೂಮಿಗೆ ಗೊತ್ತಾಗಲ್ವೇನಯ್ಯಾ?”

“ಭೂಮಿಗೆ ಗೊತ್ತಾಗುತ್ತೆ ಮೇಷ್ಟ್ರೇ. ಗೋಡೆಗೆ ಗೊತ್ತಾಗಲ್ಲ.”

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಇದು ಹೊಸ ಪಠ್ಯಕ್ರಮವಿರಬೇಕೆಂದು ಬಿಟ್ಟುಬಿಟ್ಟರು.

ಮೋಟಾರು ಮತ್ತೆ ತಿರುಗಿತು. ಫ್ಯಾನು ತಿರುಗಿತು. ನೀಲಿ ರಾಶಿ ಒಂದು ಕಡೆ ಇಳಿದು ಇನ್ನೊಂದು ಕಡೆ ಬೆಳೆಯಿತು. ಅತ್ತ ಹಜಾರದ ಗೋಡೆಯ ಮೇಲೆ ಹಸಿರು ಗೆರೆ ಸತ್ತವನ ಎದೆಬಡಿತದಂತೆ ನೆಟ್ಟಗೆ ಮಲಗಿತು. ಜನ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹೆಂಡತಿ ಆ ರಾತ್ರಿ ಗಂಡನಿಗೆ ಊಟ ಬಡಿಸಿದಳು, ತಟ್ಟೆಯನ್ನು ಕುಕ್ಕಲಿಲ್ಲ.

ಇಲ್ಲಿಗೆ ಎಲ್ಲರೂ ಸುಮ್ಮನಿದ್ದಿದ್ದರೆ ಶನಿವಾರ ಹೇಗೋ ದಾಟುತ್ತಿತ್ತು. ಆದರೆ ಸುಮ್ಮನಿರುವುದಕ್ಕೆ ಯಾವ ಕಂಪನಿಯೂ ಸಂಬಳ ಕೊಡುವುದಿಲ್ಲ.

“ಸಾರ್, ಈಗ ನಿಮ್ಮ ಪ್ರಭಾವ ಅಳೀಬೇಕು,” ಎಂದ ಹಸಿರು ಸಾಹೇಬ. “ನಿಮ್ಮನ್ನ ನೋಡಿ ಅಕ್ಕಪಕ್ಕದವರು ಎಷ್ಟು ಕಲಿತಿದಾರೆ? ಎದುರುಮನೇಲೂ ಡಬ್ಬಿ ಕೂರಿಸಿದೀವಿ. ಅವರು ಖುಷಿಯಿಂದ ಒಪ್ಪಿದ್ರು.”

ಸಮಾಧಾನಪ್ಪ ಎರಡೂ ಕೈ ಆಡಿಸಿದ. “ಬೇಡ ಸಾರ್. ಅವರು ವಯಸ್ಸಾದವರು.”

“ವಯಸ್ಸಾದವರೇ ಸಾರ್ ಭೂಮೀನ ಹಾಳು ಮಾಡಿದ್ದು!”

ಶುಕ್ರವಾರ ಮಧ್ಯಾಹ್ನ ದೊಡ್ಡ ಕಾರೊಂದು ಬೀದಿಗೆ ಬಂದು ನಿಂತಿತು. ಅದರ ಹಿಂದೆ ಕ್ಯಾಮೆರಾ ಹೊತ್ತ ಇನ್ನೊಂದು ಕಾರು. ಎರಡೂ ಎಂಜಿನ್ ಆರಿಸದೆ ಗುರುಗುಟ್ಟುತ್ತ ನಿಂತವು, ಡ್ರೈವರುಗಳಿಗೆ ಸೆಖೆಯಾಗಬಾರದಲ್ಲ. ಹಸಿರು ಸಾಹೇಬ ಇಳಿದ. ಅರ್ಧ ದಿನ ರಜೆ ಹಾಕಿ ಗುಂಡಿಗಳನ್ನು ಎಣಿಸಿಕೊಡುತ್ತಿದ್ದ ಸಮಾಧಾನಪ್ಪ ಹೊರಗೆ ಓಡಿ ಬಂದ. ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು, ಬಹುಮಾನ ಕೊಡಲು ಬಂದಿರಬೇಕೆಂದು ನಗುತ್ತ ಬಾಗಿಲಿಗೆ ಬಂದರು.

“ಅಜ್ಜಾರೇ,” ಎಂದು ಹಸಿರು ಸಾಹೇಬ ಅವರ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾ ಕಡೆ ತಿರುಗಿಸಿದ, “ನಿಮಗೆ ನಾಚಿಕೆ ಆಗಲ್ವಾ?”

ಮೇಷ್ಟ್ರ ನಗು ಅಲ್ಲೇ ನಿಂತಿತು. “ಏನಂದೆ?”

“ಒಬ್ಬರೇ ಇದ್ದೀರಿ. ಒಂದು ಸಂಸಾರಕ್ಕಿಂತ ಜಾಸ್ತಿ ಕರೆಂಟು ಉರಿಸ್ತಿದೀರಿ. ಎದುರುಗಡೆನೇ ಇಂಥ ಮಹಾತ್ಮ ಇದ್ದಾರೆ, ಅವರನ್ನ ನೋಡಿಯಾದ್ರೂ ಕಲೀಬಾರ್ದಾ?”

ಎರಡು ಮನೆಗಳ ನಡುವೆ ವೈರು ಹಾವಿನಂತೆ ಮಲಗಿತ್ತು. ಸರಿಯಾಗಿ ಹಸಿರು ಸಾಹೇಬನ ಎರಡು ಬೂಟುಗಳ ನಡುವೆ. ಅವನು ಅದನ್ನು ದಾಟಿ ನಿಂತ, ಮತ್ತೆ ದಾಟಿ ಈಚೆ ಬಂದ, ಕ್ಯಾಮೆರಾದವನಿಗೆ “ಎಡವಬೇಡ” ಎಂದ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಅದನ್ನು ಡಬ್ಬಿ ಹೇಳಿರಲಿಲ್ಲವಲ್ಲ.

ಮಹಡಿಯ ಮೇಲಿಂದ, ಕಿಟಕಿಗಳಿಂದ ಬೀದಿಯವರೆಲ್ಲ ನೋಡುತ್ತಿದ್ದರು. ಮೇಷ್ಟ್ರು ಸಮಾಧಾನಪ್ಪನ ಕಡೆ ತಿರುಗಿದರು.

“ಹೇಳಯ್ಯಾ. ಈ ಹುಡುಗನಿಗೆ ಹೇಳು. ಕರೆಂಟು ಯಾರು ಉರಿಸ್ತಿರೋದು?”

ಬೀದಿ ಕಿವಿಯಾಯಿತು. ಕ್ಯಾಮೆರಾ ತಿರುಗಿತು. ಸಮಾಧಾನಪ್ಪ ಬಾಯಿ ತೆರೆದ. ಅಷ್ಟು ವರ್ಷ ಬರೆದೂ ಬರೆದೂ ನಾಲಿಗೆಗೆ ಅಂಟಿಹೋಗಿದ್ದ ಮಾತೇ ಹೊರಗೆ ಬಂತು.

“ಮೇಷ್ಟ್ರೇ… ತಮ್ಮ ತಾಳ್ಮೆಗೆ ನಾವು ತಲೆಬಾಗುತ್ತೇವೆ.”

“ಥೂ!” ಎಂದರು ಮೇಷ್ಟ್ರು. ಒಳಗೆ ಹೋದರು. ವೈರು ಸೊಂಯ್ಯೆಂದು ಒಳಗಿನಿಂದ ಹಾರಿ ಬಂದು ಬೀದಿಗೆ ಬಿತ್ತು. ಬಾಗಿಲು ಧಡಾರನೆ ಮುಚ್ಚಿತು. ಇತ್ತ ಮನೆಯಲ್ಲಿ ಮೋಟಾರಿನ ಸದ್ದು ಲಂಗದ ಅಂಚಿನ ನಡುವೆಯೇ ನಿಂತುಹೋಯಿತು.

“ನೋಡಿದ್ರಾ ಸಾರ್? ವೈರು ಕಿತ್ತೆಸೆದ್ರು! ಮನಸ್ಸು ಬದಲಾಯ್ತು!” ಎಂದು ಹಸಿರು ಸಾಹೇಬ ಕಣ್ಣೊರೆಸಿಕೊಂಡು ಕಾರು ಹತ್ತಿದ.

ಸಮಾಧಾನಪ್ಪ ಒಳಗೆ ಬಂದಾಗ ಹೆಂಡತಿ ಸೂಜಿಯಿಂದ ಲಂಗವನ್ನು ಬಿಡಿಸುತ್ತಿದ್ದಳು.

“ಕೇಳಿಸ್ತು,” ಎಂದಳು. “ಎಲ್ಲಾ ಕೇಳಿಸ್ತು. ಆ ವಯಸ್ಸಾದವರನ್ನ ಬೀದೀಲಿ ನಿಲ್ಲಿಸಿ ಬೈಸಿದ್ರಿ. ತುಟಿ ಬಿಚ್ಚಲಿಲ್ಲ ನೀವು.”

“ನಾಳೆ ಒಂದು ದಿನ ಕಣೇ. ಅತಿಥಿಗಳು…”

“ನನ್ನ ಹತ್ರ ಮಾತಾಡಬೇಡಿ.”

ಶನಿವಾರ ಬಂತು. ಹಜಾರಕ್ಕೆ ಹೂವಿನ ಕುಂಡಗಳು ಬಂದವು, ಬಾಗಿಲಿಗೆ ಹೊಸ ಹಾಸು ಬಂತು, ಪಾನೀಯಕ್ಕೆ ಕಾಗದದ ಲೋಟ ಬಂತು, ಆ ಲೋಟಗಳು ಬಂದ ಪ್ಲಾಸ್ಟಿಕ್ ಚೀಲಗಳನ್ನು ಹಿಂಬಾಗಿಲಿಂದ ಹೊರಗೆ ಸಾಗಿಸಿದರು. ಅತಿಥಿಗಳು ಸೂಟು ತೊಟ್ಟು ಬಂದರು. ಒಳಗೆ ಹೆಣ ಇಡುವ ಮನೆಯಷ್ಟು ತಣ್ಣಗಿತ್ತು. ಸಮಾಧಾನಪ್ಪನ ಕೊರಳಿಗೆ ಹಸಿರು ಶಾಲು ಹಾಕಿ, ಗೋಡೆಯ ಪಕ್ಕದಲ್ಲಿ ನಿಲ್ಲಿಸಿದರು. ಹೊರಡುವಾಗ ಮನೆಯಲ್ಲಿ ಕಂಡದ್ದು ಅವನ ಕಣ್ಣಲ್ಲಿತ್ತು: ಹೊಲಿಯದ ಕಾಲರುಗಳ ಗುಡ್ಡ, ಊದಿದ ಮಂಡಿ, ಅದರ ಕೆಳಗೆ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದ ಪೆಡಲು.

“ಇವರೇ ನಮ್ಮ ಹೀರೋ,” ಎಂದರು ದೊಡ್ಡ ಸಾಹೇಬರು. “ಅಗೋ ಅವರ ಮನೆಯ ಗೆರೆ. ನೋಡಿ, ಅಲುಗಾಡಲ್ಲ.”

ಗೆರೆ ಅಲುಗಿತು.

ಮೊದಲು ಸಣ್ಣಗೆ ಒಂದು ಉಬ್ಬು ಎದ್ದಿತು. ಫ್ಯಾನು, ಎಂದುಕೊಂಡ ಸಮಾಧಾನಪ್ಪ. ಅದನ್ನು ಹಾಕಲು ಅತ್ತೆ ಕೂತಲ್ಲಿಂದ ಎದ್ದಿರಬೇಕು. ಆಮೇಲೆ ಕುಪ್ಪಳಿಸಿ ಕುಪ್ಪಳಿಸಿ ಮೇಲೇರುವ ಗೆರೆ. ಮೋಟಾರು. ನಿಂತು ನಿಂತು ಹೋಗುತ್ತಿದೆ, ಕಾಲರು ಹೊಲಿಯುತ್ತಿದ್ದಾಳೆ. ಈಗ ನೆಟ್ಟಗೆ ಏರಿತು, ಉದ್ದನೆಯ ಅಂಚು. ಅದರ ಮೇಲೆ ಟೀವಿ. ಅದರ ಮೇಲೆ ಯಾಕೋ ಮಿಕ್ಸಿ. ಬಟ್ಟೆ ಹೊಲಿಯುವುದಕ್ಕೆ ಮಿಕ್ಸಿ ಬೇಕಿಲ್ಲ, ಅದು ಬರೀ ಸಿಟ್ಟಿಗೆ ಹಾಕಿದ್ದು. ಗೆರೆ ಬೆಟ್ಟವಾಯಿತು, ಬೆಟ್ಟದ ಮೇಲೆ ಬೆಟ್ಟವಾಯಿತು, ಪರದೆಯ ನೆತ್ತಿಗೆ ಹೋಗಿ ಹೊಡೆಯಿತು.

ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪಾಪ, ಅವರ ತಪ್ಪಲ್ಲ. ಜೀವಮಾನವಿಡೀ ಗೋಡೆಯ ಮೇಲಿನ ಗೆರೆ ಮೇಲಕ್ಕೆ ಹೋದರೆ ಚಪ್ಪಾಳೆ ತಟ್ಟಿ, ಕೆಳಕ್ಕೆ ಬಂದರೆ ಯಾರನ್ನಾದರೂ ಕೆಲಸದಿಂದ ತೆಗೆದು ಬದುಕಿದವರು. ಅವರನ್ನು ನೋಡಿ ಕಂಪನಿಯ ಜನವೂ ತಟ್ಟಿತು. ದೊಡ್ಡ ಸಾಹೇಬರೂ ಅಭ್ಯಾಸಬಲದಿಂದ ಜೋರಾಗಿ ತಟ್ಟುತ್ತಿದ್ದರು. ಹಸಿರು ಸಾಹೇಬ ಓಡಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡ.

“ಸಾರ್, ಇದು ಮೇಲೆ ಹೋಗಬಾರದ ಗೆರೆ!”

“ಹಾಗಂದ್ರೆ?”

“ಕೆಟ್ಟದ್ದು ಸಾರ್! ಕೆಟ್ಟದ್ದು!”

ಚಪ್ಪಾಳೆ ಒಬ್ಬೊಬ್ಬರಿಂದಾಗಿ ಸತ್ತಿತು. ಅತಿಥಿಗಳನ್ನು ನಯವಾಗಿ ಊಟದ ಕೋಣೆಗೆ ಹೊಡೆದುಕೊಂಡು ಹೋದರು. ದೊಡ್ಡ ಸಾಹೇಬರು ಸಮಾಧಾನಪ್ಪನ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು: “ಅವರು ಊಟ ಮುಗಿಸಿ ಬರೋಷ್ಟರಲ್ಲಿ ನಿಮ್ಮ ಹೆಂಡ್ತಿ ಈ ಗೆರೆ ಮಲಗಿಸಬೇಕು.”

ಕಾರು ಬೀದಿಗಳನ್ನು ಸೀಳಿಕೊಂಡು ಹೋಯಿತು. ದಾರಿಯುದ್ದಕ್ಕೂ ಹಸಿರು ಸಾಹೇಬ ಬೆವರುತ್ತಿದ್ದ, ಏಸಿ ಇನ್ನಷ್ಟು ತಿರುಗಿಸುತ್ತಿದ್ದ.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಟೀವಿ ಒದರುತ್ತಿತ್ತು, ಮಿಕ್ಸಿ ಖಾಲಿ ಜಾರಿನಲ್ಲಿ ಗರ್ಜಿಸುತ್ತಿತ್ತು, ಹಾಡಹಗಲಲ್ಲಿ ಅಷ್ಟೂ ದೀಪ ಉರಿಯುತ್ತಿದ್ದವು. ಅತ್ತೆ ಫ್ಯಾನಿನ ಮುಂದೆ ಕೂತು ಗುಂಡಿತೂತುಗಳಿಗೆ ಕಾಜಾ ಹೊಲಿಯುತ್ತಿದ್ದರು. ಸೋಫಾದ ತುದಿಯಲ್ಲಿ, ಹೆಂಡತಿಯ ಮಾತಿಗೆ ಬಂದಿದ್ದ ಮೇಷ್ಟ್ರು ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಚಡ್ಡಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಸಮಾಧಾನಪ್ಪನ ಕಡೆ ನೋಡಲಿಲ್ಲ. ಹೆಂಡತಿ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಎಡಗಾಲಿನಿಂದ ಮೋಟಾರಿನ ಗುಂಡಿ ಒತ್ತುತ್ತಿದ್ದಳು.

“ಮೇಡಂ, ಒಂದೇ ಒಂದು ನಿಮಿಷ,” ಎಂದ ಹಸಿರು ಸಾಹೇಬ.

ಗರ್ರ್ ಎಂದಿತು ಮೋಟಾರು. ನಿಂತಿತು.

“ನಮ್ಮೆಲ್ಲರ ಭೂಮಿಗೋಸ್ಕರ…”

ಗರ್ರ್.

“ಮುಂದಿನ ಪೀಳಿಗೆ…”

ಗರ್ರ್ರ್. ಅವನು ಬಾಯಿ ತೆರೆದಾಗಲೆಲ್ಲ ಅವಳು ಒತ್ತಿದಳು. ಅವನು ಮುಚ್ಚಿದರೆ ದಾರ ಕತ್ತರಿಸಿದಳು.

“ಮುಂದಿನ ಪೀಳಿಗೆಯ ಚಡ್ಡೀನೇ ಕಣಯ್ಯಾ ಇದು,” ಎಂದರು ಮೇಷ್ಟ್ರು. “ಸೋಮವಾರ ಅವು ಬರಿಮೈಲಿ ಸ್ಕೂಲಿಗೆ ಹೋಗ್ಬೇಕಾ?”

ಹಸಿರು ಸಾಹೇಬ ಸಮಾಧಾನಪ್ಪನ ಮೊಣಕೈ ಹಿಡಿದ. “ಸಾರ್, ನೀವು ಹೇಳಿ. ಅರ್ಧ ಗಂಟೆ ಸಾಕು. ಈಗ ಎದ್ದದ್ದು ಡಬ್ಬಿಯ ತಪ್ಪು ಅಂತ ನಾವು ಹೇಳಿಬಿಡ್ತೀವಿ.”

“ಡಬ್ಬಿ ಸುಳ್ಳು ಹೇಳಲ್ಲ ಅಂದ್ರಿ?”

“ಡಬ್ಬಿ ಹೇಳಲ್ಲ ಸಾರ್. ಕಂಪನಿ ಹೇಳುತ್ತೆ.”

“ಮೇಷ್ಟ್ರ ಹತ್ರ ಏನು ಹೇಳುತ್ತೆ? ಪಕ್ಕದ ಮೇಜಿನವನನ್ನ ಕತ್ತಲೆ ಕೋಣೇಲಿ ಕೂರಿಸಿದ್ದೀರಲ್ಲ, ಅವನಿಗೇನು ಹೇಳುತ್ತೆ?”

“ಅದೆಲ್ಲ ಆಮೇಲೆ ನೋಡೋಣ ಸಾರ್! ನಿಮಗೆ ಬಡ್ತಿ ಕೊಡಿಸ್ತೀನಿ. ಬೇರೆ ರೂಮು ಕೊಡಿಸ್ತೀನಿ. ನಿಮ್ಮ ಹೆಂಡ್ತಿಗೆ ಹೇಳೋಕಾಗಲ್ವಾ? ಒಬ್ಬ ಹೆಂಗಸು ಚಡ್ಡಿ ಹೊಲಿಯೋದು ಮುಖ್ಯನೋ, ಕಂಪನಿ ಮುಖ್ಯನೋ?”

ಮೋಟಾರು ನಿಂತಿತು. ಕಾಜಾ ಹೊಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಮಿಕ್ಸಿಯೊಂದು ಮಾತ್ರ ಗರ್ಜಿಸುತ್ತಿತ್ತು.

ಸಮಾಧಾನಪ್ಪ ಕೊರಳಿನ ಹಸಿರು ಶಾಲು ತೆಗೆದ. ಅದನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲೆ ಹಾಸಿದ. ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆ ತಂದು, ಗೋಡೆಯ ಪ್ಲಗ್ಗಿಗೆ ಚುಚ್ಚಿ, ಸ್ವಿಚ್ಚು ಹಾಕಿ, ಬಿಸಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಹೊಲಿದಿಟ್ಟ ಅಂಗಿಗಳ ರಾಶಿಯಿಂದ ಮೊದಲನೆಯದನ್ನು ಎಳೆದು ಶಾಲಿನ ಮೇಲೆ ಹರವಿ, ನೀರು ಚಿಮುಕಿಸಿದ. ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಾಗ ಚುಸ್ಸೆಂದು ಹಬೆ ಎದ್ದು ಹಸಿರು ಸಾಹೇಬನ ಮುಖಕ್ಕೆ ಹೊಡೆಯಿತು.

ಅವನ ಫೋನು ಬಡಿದುಕೊಳ್ಳತೊಡಗಿತು. ಆ ಕಡೆ ದೊಡ್ಡ ಸಾಹೇಬರು ಕೂಗುತ್ತಿದ್ದುದು ಕೋಣೆಗೆಲ್ಲ ಕೇಳಿಸಿತು: “ಮಲಗೋದಿರಲಿ, ಇನ್ನೂ ಏರ್ತಾ ಇದೆ! ಅವರು ಕೈ ತೊಳೀತಿದಾರೆ!”

ಹಸಿರು ಸಾಹೇಬ ಫೋನನ್ನು ಎದೆಗೆ ಅವುಚಿಕೊಂಡು ಎರಡೂ ಕೈ ಜೋಡಿಸಿದ. ದನಿ ಅಳುವುದಕ್ಕೆ ಹತ್ತಿರವಾಗಿತ್ತು.

“ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಮೇಡಂ ಮೋಟಾರು ಬೇಕಾದ್ರೆ ಓಡಿಸ್ಲಿ. ಆ ಇಸ್ತ್ರಿಪೆಟ್ಟಿಗೆ ಒಂದನ್ನಾದ್ರೂ ಆರಿಸಿ ಸಾರ್!”

ಸಮಾಧಾನಪ್ಪ ಅಂಗಿಯನ್ನು ಮಗುಚಿ ಹಾಕಿದ.

“ಆರಿಸಲ್ಲ.”